ನಿಮಗಿದು ಗೊತ್ತೆ?
ಮೊದಲ ಎರಡು ಗೋಲೂ ಬೆಂಗಳೂರಿನವೇ!

ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ಗಳಿಸಿದ ಮೊದಲ ಎರಡು ಗೋಲುಗಳೂ ನಮ್ಮ ಪಕ್ಕದ ಬೆಂಗಳೂರಿನ ಆಟಗಾರರ ಕಾಲಿನಿಂದ ಬಂದವು. 1948ರಲ್ಲಿ ಫ್ರಾನ್ಸ್ ವಿರುದ್ಧ ಎಸ್. ರಾಮನ್ ಹೊಡೆದರು. ಎರಡು ಪೆನಾಲ್ಟಿ ಕೈತಪ್ಪಿ ಭಾರತ 1–2ರಿಂದ ಸೋತಿತು. ಆ ತಂಡದ ಬಹುತೇಕರು ಆಡಿದ್ದು ಬರಿಗಾಲಲ್ಲಿ!

ಎರಡನೆಯದು ಅಹ್ಮದ್ ಖಾನ್ ಅವರದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಮಣಿಸಿತು. ಆ ಒಂದು ಗೋಲು ಅವರದೇ. ಆ ಸೋಲಿನ ಬೆನ್ನಿಗೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಅಂಥ ಸೋಲಿನಲ್ಲೂ ಗೋಲು ಹೊಡೆದವರ ಹೆಸರು ನಮ್ಮ ಶಾಲಾ ಮಕ್ಕಳಿಗೆ ಗೊತ್ತಿರಲೇಬೇಕು.

ಭಾರತದ ವಿರುದ್ಧ ಹತ್ತು ಗೋಲು ಹೊಡೆದ ಯುಗೊಸ್ಲಾವಿಯಾ ಫೈನಲ್‌ನಲ್ಲಿ ಹಂಗೆರಿಗೆ 0–2ರಿಂದ ಸೋತಿತು. ಹಂಗೆರಿಯ ಕೋಚ್ ಗುಸ್ತಾವ್ ಶೆಬೆಶ್. ಎರಡು ಮಹಾಯುದ್ಧಗಳ ನಡುವೆ ಬುಡಾಪೆಸ್ಟ್‌ನ ಎಂ.ಟಿ.ಕೆ. ಕ್ಲಬ್ಬಿನಲ್ಲಿ ಆಡಿದವರು. ದೇಶಕ್ಕಾಗಿ ಆಡಿದ್ದು 1936ರ ಒಂದೇ ಪಂದ್ಯ. ಕೋಚ್ ಆದ ಮೇಲೆ ಅವರ ತಂಡ 1953ರಲ್ಲಿ ಇಂಗ್ಲೆಂಡನ್ನು ವೆಂಬ್ಲಿಯಲ್ಲೇ 6–3ರಿಂದ ಸೋಲಿಸಿತು.