ತಾಯಿಮರ ಗೊತ್ತು, ತಂದೆಮರ ಯಾವುದು?

ಬೆಂಗಳೂರಿನ ಕುಕ್ ಟೌನ್‌ನಲ್ಲಿ ಬಂಗಲೆ ಹೋಗಿ ಅಪಾರ್ಟ್‌ಮೆಂಟ್ ಎದ್ದ ಕಡೆಯೂ ತಾಳೆ ಜಾತಿಯ ಗಿಡಗಳ ಮೇಲಿನ ಆಸೆ ಹೋಗಿಲ್ಲ. ಹಳೆಯ ಕಾಂಪೌಂಡುಗಳಲ್ಲಿ ಉಳಿದ ರಾಯಲ್ ಪಾಮ್, ತೆಂಗು ಒಂದು ಕಡೆ. ಬಾಲ್ಕನಿಯ ಕುಂಡದಲ್ಲಿ ಬೆಳೆಯುವ ಕುಳ್ಳ ಖರ್ಜೂರ, ಅರೆಕಾ ಪಾಮ್ ಇನ್ನೊಂದು ಕಡೆ. ಗಿಡ ಸಾಕುವವರು ಬೀಜ, ಸಸಿಗಳನ್ನು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುತ್ತಾರೆ, ಮಾರುತ್ತಾರೆ. ಸಸಿಗೆ ‘ಹೈಬ್ರಿಡ್’ ಎಂಬ ಚೀಟಿ ಬಿದ್ದರೆ ಬೆಲೆ ಏರುತ್ತದೆ. ಆ ಚೀಟಿಗೆ ಆಧಾರವೇನು ಎಂದು ಕೇಳಲೇಬೇಕು. ಹಾಗೆ ಕೇಳಬೇಕಾದ ಕಾರಣ ಈ ಮರಗಳ ಒಡಲಲ್ಲೇ ಇದೆ.

ಮಾವಿನಲ್ಲೋ ಗುಲಾಬಿಯಲ್ಲೋ ಒಳ್ಳೆಯ ಸಂಕರ ಗಿಡ ಒಂದು ಸಿಕ್ಕರೆ ಸಾಕು, ಕಸಿ ಕಟ್ಟಿ ಸಾವಿರ ಮಾಡಬಹುದು. ತಾಳೆ ಕುಟುಂಬದಲ್ಲಿ ಇದು ಆಗದ ಮಾತು. ಕಸಿ ಕೂಡಿಕೊಳ್ಳಲು ತೊಗಟೆಯ ಕೆಳಗೆ ಸದಾ ಹೊಸ ಕೋಶ ಹುಟ್ಟಿಸುವ ತೆಳುಪದರ ಇರಬೇಕು. ಮಾವಿಗೆ ಅದಿದೆ, ತೆಂಗು, ಅಡಿಕೆ, ಈಚಲಿಗೆ ಇಲ್ಲ. ಕಾಂಡಕ್ಕೆ ಇರುವುದು ತುದಿಯ ಸುಳಿ ಒಂದೇ. ಸುಳಿ ಕೊಳೆತರೆ ಆ ಕಾಂಡ ಮುಗಿಯಿತು. ಖರ್ಜೂರದಂಥ ಕೆಲವು ಮರಗಳು ಬುಡದಲ್ಲಿ ಮರಿ ಹಾಕುತ್ತವೆ, ಅವನ್ನು ಬಿಡಿಸಿ ನೆಡಬಹುದು. ಅಂಗಾಂಶ ಕೃಷಿಯೂ ಖರ್ಜೂರಕ್ಕೆ ಒಗ್ಗಿದೆ, ಆದರೆ ಅದು ಪ್ರಯೋಗಾಲಯದ ಕೆಲಸ. ಒಂಟಿ ಕಾಂಡದ ಸಂಕರ ಮರವನ್ನು ಮನೆಯಂಗಳದಲ್ಲಿ ಇನ್ನೊಂದು ಮಾಡುವ ದಾರಿ ಇಲ್ಲ. ಅದರ ಬೀಜ ಬಿತ್ತಿದರೆ ಹುಟ್ಟುವ ಸಸಿಗಳಲ್ಲಿ ಅಜ್ಜ ಅಜ್ಜಿಯರ ಗುಣಗಳು ಬೇರೆಬೇರೆಯಾಗಿ ಹಂಚಿಹೋಗುತ್ತವೆ, ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಪ್ರತಿ ಸಂಕರ ಸಸಿಗೂ ಹೊಸದಾಗಿ ಪರಾಗ ಹಾಕಿಸಲೇಬೇಕು. ಯಾರು ಹಾಕಿದರು ಎಂಬುದರ ಮೇಲೆ ನಂಬಿಕೆ ನಿಂತಿದೆ.

ಈಚಲಿನ ಬಳಗದಲ್ಲಂತೂ ಪರಾಗ ಹಾಕಲು ಮನುಷ್ಯನೇ ಬೇಕಿಲ್ಲ. ‘ಫೀನಿಕ್ಸ್’ ಎಂಬ ಕುಲದ ಸುಮಾರು 14 ಪ್ರಭೇದಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗ ಗಾಳಿಯಲ್ಲಿ, ಕೀಟಗಳ ಮೈಮೇಲೆ ಸಾಗುತ್ತದೆ. ಪ್ರಭೇದಗಳ ನಡುವೆ ಬೇಲಿ ಬಲು ಸಡಿಲ. ಬೆಂಗಳೂರಿನ ಸುತ್ತ ಈಚಲು ತಾನಾಗಿ ಬೆಳೆಯುವ ಮರ. ಯಾವುದೋ ಅಂಗಳದಲ್ಲಿ ಕೆನರಿ ದ್ವೀಪದ ಖರ್ಜೂರದ ಹೆಣ್ಣು ಮರವೊಂದೇ ಇದ್ದು, ಹತ್ತಿರದಲ್ಲಿ ಈಚಲಿನ ಗಂಡು ಹೂಬಿಟ್ಟರೆ ಕಚ್ಚುವ ಕಾಯಿ ಸಂಕರವೇ. ಆ ಬೀಜ ಹೆಕ್ಕಿ ‘ಶುದ್ಧ ಕೆನರಿ’ ಎಂದು ಕೊಡುವವರು ಸುಳ್ಳು ಹೇಳುತ್ತಿಲ್ಲ, ತಾಯಿಯನ್ನಷ್ಟೇ ನೋಡಿದ್ದಾರೆ.

ಬೆಳೆದ ಮರದಲ್ಲಿ ಗುರುತು ಹಿಡಿಯಲು ಕೆಲವು ಕುರುಹುಗಳಿವೆ. ಈಚಲು ಒಂಟಿ ಕಾಂಡ, ಬೂದಿ ಹಸಿರಿನ ಎಲೆಗಳು ದಿಂಡಿನ ಮೇಲೆ ನಾನಾ ದಿಕ್ಕಿಗೆ ಚಾಚಿರುತ್ತವೆ, ಬುಡದತ್ತ ಉದ್ದ ಮುಳ್ಳು. ಖರ್ಜೂರಕ್ಕೆ ನೀಲಿ ಛಾಯೆಯ ಒರಟು ಗರಿ, ಬುಡದಲ್ಲಿ ಮರಿಗಳು. ಕೆನರಿಯದು ದಪ್ಪ ಕಾಂಡ, ಗಾಢ ಹಸಿರಿನ ದಟ್ಟ ತಲೆ. ಕುಂಡದ ಕುಳ್ಳ ಖರ್ಜೂರದ ಎಲೆ ಮೆದು, ಒಂದೇ ಮಟ್ಟದಲ್ಲಿ ಹರಡಿರುತ್ತದೆ. ಸಂಕರ ಮರ ತನ್ನ ತಾಯಿ, ತಂದೆಯರ ನಡುವೆ ಎಲ್ಲೋ ನಿಲ್ಲುತ್ತದೆ. ಮಾರಾಟವಾಗುವುದು ಮಾತ್ರ ಮರವಲ್ಲ, ಸಸಿ. ಈ ಕುಲದ ಸಸಿಗಳ ಮೊದಲ ಎಲೆಗಳೆಲ್ಲ ಸೀಳಿಲ್ಲದ ಉದ್ದ ಪಟ್ಟಿಗಳು. ಈಚಲೋ ಕೆನರಿಯೋ ಆ ವಯಸ್ಸಿನಲ್ಲಿ ಕಣ್ಣಿಗೆ ಬಿಟ್ಟುಕೊಡುವುದಿಲ್ಲ. ಕೊನೆಯ ತೀರ್ಪು ಡಿಎನ್‌ಎಯದು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಆಫ್ರಿಕದ ಖರ್ಜೂರದಲ್ಲಿ ಕ್ರೀಟ್ ದ್ವೀಪದ ಕಾಡು ಪ್ರಭೇದದ ವಂಶವಾಹಿಗಳು ಬೆರೆತಿವೆ ಎಂದು ತೋರಿಸಿತು. ಮನುಷ್ಯ ಸಾವಿರಾರು ವರ್ಷ ತಿಂದ ಹಣ್ಣಿನ ಮರದಲ್ಲೇ ಬೆರಕೆ ಹೀಗೆ ಅಡಗಿ ಕೂತಿತ್ತು.

ಕಣ್ಣಿಗೇ ಸಾಕ್ಷಿ ಸಿಗುವಂತೆ ಮಾಡಿದ್ದು ನಮ್ಮ ತೆಂಗಿನ ಸಂಶೋಧಕರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ, ಈಗ ಕಾಸರಗೋಡು ಜಿಲ್ಲೆಗೆ ಸೇರಿದ ನೀಲೇಶ್ವರದಲ್ಲಿ 1932ರಲ್ಲಿ ಜೆ. ಎಸ್. ಪಟೇಲ್ ಎತ್ತರದ ತೆಂಗಿಗೆ ಗಿಡ್ಡ ತೆಂಗಿನ ಪರಾಗ ಕೂಡಿಸಿದರು. ಆ ಸಂಕರದ ಕಸುವು ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ. ಮುಂದೆ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಚಂದ್ರಸಂಕರ, ಕೇರಸಂಕರ ಎಂಬ ತಳಿಗಳನ್ನು ಕೊಟ್ಟಿತು. ಎರಡಕ್ಕೂ ಹೆತ್ತವರು ಅವರೇ: ಚೌಘಾಟ್‌ನ ಕಿತ್ತಳೆ ಬಣ್ಣದ ಗಿಡ್ಡ ತೆಂಗು, ಪಶ್ಚಿಮ ಕರಾವಳಿಯ ಎತ್ತರದ ತೆಂಗು. ಚಂದ್ರಸಂಕರಕ್ಕೆ ಗಿಡ್ಡ ಮರ ತಾಯಿ, ಕೇರಸಂಕರಕ್ಕೆ ಎತ್ತರದ ಮರ ತಾಯಿ. ಯಾರು ತಾಯಿ ಎಂಬುದು ಇಲ್ಲಿ ಬಹಳ ಮುಖ್ಯ.

ಗಿಡ್ಡ ತೆಂಗಿನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಕಾಲಕ್ಕೆ ಅರಳುವುದರಿಂದ ಅದು ತನ್ನ ಪರಾಗವನ್ನೇ ತಾನು ಪಡೆಯುತ್ತದೆ. ಇದನ್ನು ತಡೆಯಲು ಮರ ಹತ್ತಿ, ಹೊಂಬಾಳೆ ಒಡೆದೊಡನೆ ಗಂಡು ಹೂಗಳನ್ನೆಲ್ಲ ಕಿತ್ತು, ಚೀಲ ಕಟ್ಟಿ, ಹೆಣ್ಣು ಹೂ ಪಕ್ವವಾದ ದಿನಗಳಲ್ಲಿ ಎತ್ತರದ ಮರದ ಪರಾಗ ಊದಬೇಕು. ಎಷ್ಟೇ ಎಚ್ಚರವಿದ್ದರೂ ಒಂದಿಷ್ಟು ತಪ್ಪಿಹೋಗುತ್ತದೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಮೊಳೆತ ಮೇಲೆ ಪರೀಕ್ಷೆ ಸುಲಭ: ಎಲೆಯ ದಂಟು ಕಿತ್ತಳೆಯಾಗಿದ್ದರೆ ಅದು ತಾಯಿಯದೇ ಸಸಿ, ಸಂಕರವಲ್ಲ, ತೆಗೆದು ಹಾಕಿ. ಕಂದು ಮಿಶ್ರಿತ ಹಸಿರಿದ್ದರೆ ಹೊರಗಿನ ಪರಾಗ ಬಿದ್ದಿದೆ. ಚೀಲ ಸರಿಯಾಗಿ ಕಟ್ಟಿದ್ದರೆ ತಂದೆ ಯಾರೆಂಬುದೂ ಖಚಿತ. ಕಿತ್ತಳೆ ಬಣ್ಣ ಹಿನ್ನಡೆಯ ಗುಣವಾದ್ದರಿಂದ ಎತ್ತರದ ಮರದ ಒಂದು ಪಾಲು ಸೇರಿದರೂ ಅದು ಮರೆಯಾಗುತ್ತದೆ. ಹಸಿರು ಗಿಡ್ಡ ತೆಂಗು ತಾಯಿಯಾದರೆ ಈ ಅನುಕೂಲ ಇಲ್ಲ.

ಅಡಿಕೆಯಲ್ಲೂ ಇಂಥ ಕೆಲಸ ನಡೆದಿದೆ. ತುಮಕೂರಿನ ಹಿರೇಹಳ್ಳಿಯ ಕುಳ್ಳ ಅಡಿಕೆಗೆ ಇಳುವರಿ ಕಡಿಮೆ. ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಕೂಡಿಸಿ ಸಿಪಿಸಿಆರ್‌ಐನ ವಿಟ್ಲದ ಕೇಂದ್ರ ಕುಳ್ಳ ಸಂಕರಗಳನ್ನು ಹೊರತಂದಿದೆ. ಕೊನೆಗಾರರು ಸಿಗದ ಈ ಕಾಲದಲ್ಲಿ ಅದು ದೊಡ್ಡ ಉಪಕಾರ.

ಕೊಳ್ಳುವವರು ಇನ್ನೊಂದನ್ನು ಮರೆಯಬಾರದು. ನಮ್ಮ ತೆಂಗಿನ ಪಿಡುಗಾದ ಕೆಂಪು ಮೂತಿ ಹುಳು ದಕ್ಷಿಣ ಏಷ್ಯಾದ್ದು. 1980ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ, 1990ರ ದಶಕದಲ್ಲಿ ಸ್ಪೇನಿಗೆ ಮುಟ್ಟಿ, ಅಲ್ಲಿಯ ಖರ್ಜೂರ, ಕೆನರಿ ಮರಗಳನ್ನು ಅಪಾರವಾಗಿ ಕೊಂದಿತು. ಅದು ಹರಡಿದ್ದು ಹುಳು ಹಿಡಿದ ಗಿಡಗಳ ಸಾಗಾಟದಿಂದ. ವಿದೇಶದ ಬೀಜ ತರಿಸಲು ನಮ್ಮಲ್ಲಿ 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಪರವಾನಗಿ, ಆರೋಗ್ಯ ಪ್ರಮಾಣಪತ್ರ ಬೇಕು. ಅಂಚೆ ಲಕೋಟೆಯಲ್ಲಿ ಗುಟ್ಟಾಗಿ ತರಿಸಿದ ಅಪರೂಪದ ಬೀಜವನ್ನು ಎಷ್ಟೇ ಆಸೆಯಿದ್ದರೂ ಕೊಳ್ಳಬೇಡಿ.

ಸಂಕರದ ಹೆಸರು ಬರೆಯುವಾಗ ತಾಯಿ ಮೊದಲು, ತಂದೆ ಆಮೇಲೆ; ಇದು ತಳಿ ಬೆಳೆಸುವವರ ರೂಢಿ. ಕುಂಡದ ಚೀಟಿಯಲ್ಲೂ ಹಾಗೇ ಬರೆಯಿರಿ, ಬೀಜ ಕಿತ್ತ ಊರು, ತಿಂಗಳನ್ನೂ ಸೇರಿಸಿ. ಚೀಲ ಕಟ್ಟಿ ಪರಾಗ ಹಾಕದಿದ್ದರೆ ತಂದೆಯ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದೇ ಮುಂದಿನವರಿಗೆ ಕೊಡಿ.