ಎಲೆಕೋಸಿನ ಹುಳುವೂ ರೇಷ್ಮೆಹುಳುವೂ: ಬೆಳವಣಿಗೆ ತಡೆಯುವ ಕೀಟನಾಶಕಗಳ ಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿಗೆ ಹೆಸರಾದವು. ಆ ಸೊಪ್ಪನ್ನು ತಿನ್ನುವ ಸ್ಪೊಡಾಪ್ಟೆರಾ ಕೀಡೆಯೇ ಎಲೆಕೋಸನ್ನೂ ತಿನ್ನುತ್ತದೆ. ಕೋಸಿಗೆ ಅದಕ್ಕಿಂತ ದೊಡ್ಡ ಶತ್ರು ವಜ್ರಬೆನ್ನಿನ ಪತಂಗದ ಮರಿಹುಳು. ಇದು ಡಿ.ಡಿ.ಟಿ.ಗೆ ಜಗ್ಗದಂತಾದ ಸಂಗತಿ 1953ರಲ್ಲಿಯೇ ಜಾವಾ ದ್ವೀಪದಿಂದ ವರದಿಯಾಯಿತು. ನರಗಳಿಗೆ ತಗಲುವ ವಿಷಗಳು ಹೀಗೆ ಸೋಲತೊಡಗಿದಾಗ ವಿದ್ವಾಂಸರು ಹುಳುವಿನ ಬೆಳವಣಿಗೆಯ ಕ್ರಮದಲ್ಲಿಯೇ ಅದರ ಮರ್ಮವನ್ನು ಅರಸಿದರು.

ಈ ಶೋಧನೆಗೆ ನೆರವಾದುದು ರೇಷ್ಮೆಹುಳು ಎಂಬುದನ್ನು ನಾವು ಮರೆಯಲಾಗದು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬವರು 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನನ್ನು, ಎಂದರೆ ಪೊರೆ ಕಳಚಿಸುವ ಹಾರ್ಮೋನನ್ನು, ಬೇರ್ಪಡಿಸಿದರು. 1956ರಲ್ಲಿ ಅಮೆರಿಕದ ಕ್ಯಾರೊಲ್ ವಿಲಿಯಮ್ಸ್ ಅವರು ಮರಿಹುಳುವಿನ ಅವಸ್ಥೆಯನ್ನು ಕಾಯ್ದಿಡುವ ಹಾರ್ಮೋನಿನ ಸಾರವನ್ನು ಪತಂಗದಿಂದ ತೆಗೆದರು. 1970ರ ದಶಕದಲ್ಲಿ ಬೇರೊಂದು ದಾರಿಯಿಂದ ಡೈಫ್ಲೂಬೆಂಜುರಾನ್ ಬಂದಿತು. ನೊವಾಲ್ಯುರಾನ್, ಲುಫೆನ್ಯುರಾನ್‌ಗಳು ಇದೇ ಗುಂಪಿನವು. ಹಳೆಯ ಪೊರೆಯ ಕೆಳಗೆ ಹೊಸ ಪೊರೆ ಮೂಡುವಾಗ ಅದಕ್ಕೆ ಬೇಕಾದ ಕೈಟಿನ್ ಕೂಡದಂತೆ ಇವು ತಡೆಯುತ್ತವೆ. ಹುಳು ಪೊರೆ ಕಳಚಲಾರದೆ ಸಾಯುತ್ತದೆ.

ಆದಕಾರಣ ಪರೀಕ್ಷೆಯ ಅವಧಿಯೂ ಬದಲಾಗಬೇಕು. ಕೋಸಿನ ಎಲೆಯನ್ನು ಔಷಧದಲ್ಲಿ ಅದ್ದಿ, ಒಣಗಿಸಿ, ಒಂದೇ ವಯಸ್ಸಿನ ಹುಳುಗಳಿಗೆ ಉಣಿಸುವರು. ಇನ್ನೊಂದು ಗುಂಪಿಗೆ ಬರಿಯ ನೀರಿನಲ್ಲಿ ಅದ್ದಿದ ಎಲೆ. ಆ ಗುಂಪಿನ ಸಹಜ ಸಾವನ್ನು 1925ರ ಆಬಟ್ ಸೂತ್ರದಂತೆ ಕಳೆಯುವರು: ನೀರಿನ ಗುಂಪಿನಲ್ಲಿ ನೂರಕ್ಕೆ 10, ಔಷಧದ ಗುಂಪಿನಲ್ಲಿ 55 ಸತ್ತರೆ, ಔಷಧದ ಫಲ ನೂರಕ್ಕೆ 55 ಅಲ್ಲ, 50. ನರವಿಷದ ಫಲವನ್ನು ಒಂದೆರಡು ದಿನಗಳಲ್ಲಿ ಎಣಿಸಬಹುದು. ಇಲ್ಲಿಯಾದರೋ ಮುಂದಿನ ಪೊರೆ ಕಳಚುವವರೆಗೆ, ಸಾಧ್ಯವಾದರೆ ಪತಂಗ ಹೊರಬರುವವರೆಗೆ ಕಾಯಬೇಕು. ಮರುದಿನವೇ ಎಣಿಸಿದರೆ ಒಳ್ಳೆಯ ಔಷಧವೂ ನಿಷ್ಫಲವೆಂದು ತೋರುವುದು. ಹೊಲದಲ್ಲಿ ಬದುಕಿರುವ ಹುಳುವನ್ನು ಕಂಡ ರೈತನು ಮತ್ತೆ ಮತ್ತೆ ಸಿಂಪಡಿಸಿ, ಹಣವನ್ನು ಕಳೆದುಕೊಳ್ಳುವುದಲ್ಲದೆ ಹುಳುವಿನ ನಿರೋಧಶಕ್ತಿಯನ್ನೂ ಬೆಳೆಸುವನು.

ಇನ್ನೊಂದು ಎಚ್ಚರ ಅಗತ್ಯ. ರೇಷ್ಮೆಹುಳುವೂ ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆ ಕಳಚುವ ಪ್ರಾಣಿ. ಕೋಸಿನ ಹುಳುವನ್ನು ಕೊಲ್ಲುವ ಈ ಔಷಧಗಳು ಅದನ್ನೂ ಕೊಲ್ಲುತ್ತವೆ. ಸಿಂಪಡಣೆಯ ಹನಿ ಗಾಳಿಗೆ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಬಿದ್ದರೆ, ಹುಳುಗಳು ಹಣ್ಣಾಗಿ ಚಂದ್ರಿಕೆ ಏರುವ ಮೊದಲೇ ಬೆಳೆ ಹಾಳಾಗಬಹುದು. ಆದುದರಿಂದ ಮೈಸೂರು ಸೀಮೆಯಲ್ಲಿ ಇಂತಹ ಔಷಧವೊಂದನ್ನು ಪರೀಕ್ಷಿಸುವಾಗ ಕೋಸಿನ ಎಲೆಯ ಜೊತೆಗೆ ಹಿಪ್ಪುನೇರಳೆಯ ಎಲೆಯನ್ನೂ ಪರೀಕ್ಷಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.