ಹಳೇ ಜೀಪಿಗೆ ಗಟ್ಟಿ ಆಕ್ಸಲ್: ಗುಜರಿ ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿರಲಿ

ಹೋದ ವರ್ಷ ಮಳೆ ನಿಂತ ಮೇಲೆ ಗುಡ್ಡದ ಮೇಲಿನ ಕಾಳುಮೆಣಸಿನ ತೋಟಕ್ಕೆ ಕಾಂಪೋಸ್ಟ್ ಸಾಗಿಸುತ್ತಿದ್ದೆ. ಹಳೇ ಜೀಪು, ಹಿಂದೆ ಭರ್ತಿ ಗೊಬ್ಬರ, ಅದರ ಮೇಲೆ ನನ್ನ ತಮ್ಮ. ಅರ್ಧ ಏರಿನಲ್ಲಿ 'ಟಕ್' ಅಂತ ಸದ್ದು. ಎಂಜಿನ್ ಕೂಗ್ತಾ ಇದೆ, ಜೀಪು ಹಿಂದಕ್ಕೆ ಜಾರ್ತಾ ಇದೆ. ಹ್ಯಾಂಡ್ ಬ್ರೇಕ್ ಎಳೆದೆ, ಹಿಡಿಯಲಿಲ್ಲ. ಕಾಲಿನ ಬ್ರೇಕ್ ಒತ್ತಿ ಹಿಡಿದೆ. ತಮ್ಮ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಕೆಳಗಡೆ ಕೆರೆ ಇತ್ತು.

ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಗಿತ್ತು. ಹ್ಯಾಂಡ್ ಬ್ರೇಕ್ ಯಾಕೆ ಹಿಡಿಯಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಹಲವು ಹಳೇ ಜೀಪುಗಳಲ್ಲಿ ಅದು ಚಕ್ರವನ್ನು ಹಿಡಿಯಲ್ಲ, ಗೇರ್‌ಬಾಕ್ಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತೆ. ಒಂದು ಕಡೆ ಆಕ್ಸಲ್ ಶಾಫ್ಟ್ ಮುರಿದರೆ ಡಿಫರೆನ್ಶಿಯಲ್ ಒಳಗೆ ಮುರಿದ ತುಂಡು ಸುಮ್ಮನೆ ತಿರುಗುತ್ತೆ, ಚಕ್ರಗಳು ಬಿಡುವಾಗಿಬಿಡುತ್ತವೆ. ಇಳಿಜಾರಲ್ಲಿ ಗೇರ್ ಹಾಕಿ ಎಂಜಿನ್‌ನಿಂದ ತಡೆಯೋದೂ ಇದೇ ಶಾಫ್ಟ್ ಮೂಲಕ. ಅಂದರೆ ಒಂದು ಕಬ್ಬಿಣದ ಸರಳು ಹೋದರೆ ಎರಡು ರಕ್ಷಣೆ ಹೋದ ಹಾಗೆ.

ಅದಕ್ಕೂ ಮೊದಲು ಜೀಪಿಗೆ ಸ್ವಲ್ಪ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿ, ಆರ್‌ಸಿಯಲ್ಲೂ ಸೇರಿಸಿದ್ದೆ. ತಪ್ಪು ಎಂಜಿನ್‌ದೇ ಅಂದುಕೊಂಡೆ. ಗ್ಯಾರೇಜಿನ ಸಾಬ್ರು ನಕ್ಕರು. "ಎಂಜಿನ್ ಒಂದೇ ಅಲ್ಲ ಮಾರಾಯ್ರೇ, ನೀವು ಹೇರಿದ ಭಾರ ನೋಡಿ" ಅಂದರು.

ಅವರು ಹೇಳಿದ್ದು ಸರಿ. ಖಾಲಿ ಜೀಪಲ್ಲಿ ಎಂಜಿನ್ ಎಷ್ಟೇ ಬಲ ಕೊಟ್ಟರೂ ಟೈರು ಜಾರುತ್ತೆ, ಶಾಫ್ಟ್ ಉಳಿಯುತ್ತೆ. ಭಾರ ಹೇರಿ, ದೊಡ್ಡ ಟೈರು ಹಾಕಿದರೆ ಟೈರು ನೆಲವನ್ನು ಬಿಡಲ್ಲ. ಆಗ ತಿರುಚುವ ಬಲವೆಲ್ಲ ಶಾಫ್ಟ್ ಮೇಲೇ ಬೀಳುತ್ತೆ. ಹಾಗಾಗಿ ಆಕ್ಸಲ್ ಆರಿಸುವಾಗ ಎಂಜಿನ್ ಜೊತೆಗೆ ನಿಮ್ಮ ಭಾರ, ನಿಮ್ಮ ಏರು, ನಿಮ್ಮ ಟೈರು ಮೂರನ್ನೂ ಲೆಕ್ಕಕ್ಕೆ ತಗೊಳ್ಳಿ.

ಸೆಮಿ ಫ್ಲೋಟಿಂಗಾ, ಫುಲ್ ಫ್ಲೋಟಿಂಗಾ?

ಮೊದಲು ಕೇಳಬೇಕಾದ್ದು ಇದು. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟ್ ಚಕ್ರವನ್ನು ತಿರುಗಿಸುವುದರ ಜೊತೆಗೆ ಗಾಡಿಯ ಭಾರವನ್ನೂ ಹೊರುತ್ತೆ. ಬೇರಿಂಗ್‌ನಿಂದ ಹೊರಗೆ ಮುರಿದರೆ ಚಕ್ರವೇ ಕಳಚಿ ಬರಬಹುದು. ನನ್ನದು ಒಳಗಡೆ ಮುರಿದಿತ್ತು, ಬಚಾವಾದೆ. ಫುಲ್ ಫ್ಲೋಟಿಂಗ್‌ನಲ್ಲಿ ಭಾರವನ್ನು ಹಬ್ ಮತ್ತು ಹೌಸಿಂಗ್ ಹೊರುತ್ತವೆ, ಶಾಫ್ಟ್ ಬರೀ ತಿರುಗಿಸುತ್ತೆ. ಅದು ಮುರಿದರೂ ಚಕ್ರ ಜಾಗದಲ್ಲೇ ಇರುತ್ತೆ. ಗುರುತು ಸುಲಭ: ಲಾರಿ ಚಕ್ರದ ಹಾಗೆ ನಡುವೆ ಹಬ್ ಉಬ್ಬಿಕೊಂಡು, ಸುತ್ತ ಬೋಲ್ಟುಗಳ ಸಾಲಿದ್ದರೆ ಫುಲ್ ಫ್ಲೋಟಿಂಗ್.

ಹಲ್ಲು ಎಣಿಸಿ

ಕ್ರೌನ್‌ನಲ್ಲಿ 43, ಪಿನಿಯನ್‌ನಲ್ಲಿ 8 ಹಲ್ಲಿದ್ದರೆ ರೇಷಿಯೊ 5.38. ಕ್ರೌನ್ 41, ಪಿನಿಯನ್ 9 ಇದ್ದರೆ 4.56. ಗುಜರಿಯಲ್ಲಿ ಬಿಚ್ಚದೇ ನೋಡಬೇಕಾ? ಒಂದು ಕಡೆಯ ಹಬ್ ಅಲುಗದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ 2 ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತು ತಿರುಗಿತೋ ಅದೇ ರೇಷಿಯೊ. ಮೊದಲೇ ಪಿನಿಯನ್‌ಗೆ ಚಾಕ್‌ಪೀಸಲ್ಲಿ ಗುರುತು ಹಾಕಿ, ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ.

ಫೋರ್ ವೀಲ್ ಜೀಪಾದರೆ ಮುಂದಿನ, ಹಿಂದಿನ ರೇಷಿಯೊ ಒಂದೇ ಇರಲೇಬೇಕು. ಮುಂದೆ 5.38, ಹಿಂದೆ 4.56 ಇದ್ದರೆ ಎರಡರ ನಡುವೆ ಸುಮಾರು ಶೇ. 18 ವ್ಯತ್ಯಾಸ. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸೇ ಹೋಗುತ್ತೆ. ನನಗೆ ಮೊದಲು ಸಿಕ್ಕ ಆಕ್ಸಲ್ ಬಹಳ ಗಟ್ಟಿಯಾಗಿತ್ತು, ಬೆಲೆಯೂ ಕಡಿಮೆ. ರೇಷಿಯೊ ಹೊಂದಲಿಲ್ಲ ಅಂತ ಬಿಟ್ಟು ಬಂದೆ.

ಟೇಪ್ ಹಿಡಿದು ಹೋಗಿ

ಡ್ರಮ್‌ನಿಂದ ಡ್ರಮ್‌ಗೆ ಅಗಲ, ಲೀಫ್ ಪ್ಲೇಟು ಕೂರುವ ಜಾಗಗಳ ಅಂತರ, ಚಕ್ರದ ಬೋಲ್ಟುಗಳ ವೃತ್ತ ಅಳೆಯಿರಿ. ಹಳೇ ಜೀಪುಗಳಲ್ಲಿ ಸಾಮಾನ್ಯವಾಗಿ 5 ಬೋಲ್ಟು, 5.5 ಇಂಚಿನ ವೃತ್ತ. ಇನ್ನೊಂದು ಮರೆಯಬೇಡಿ: ಈ ಜೀಪುಗಳಲ್ಲಿ ಹಿಂದಿನ ಡಿಫರೆನ್ಶಿಯಲ್ ಗುಂಡು ನಡುವೆ ಇರದೇ ಬಲಕ್ಕೆ ಇರುತ್ತೆ. ನಡುವೆ ಗುಂಡಿರುವ ಆಕ್ಸಲ್ ತಂದರೆ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ, ಜಾಯಿಂಟುಗಳು ಬೇಗ ಸವೆಯುತ್ತವೆ. ಬ್ರೇಕ್ ಡ್ರಮ್ ಅಳತೆ ಬದಲಾದರೆ ಮುಂದೆ ಹಿಂದೆ ಬ್ರೇಕ್ ಸಮ ಹಿಡಿಯುತ್ತಾ ಅಂತ ಖಾಲಿ ಗಾಡಿಯಲ್ಲಿ, ಸಮತಟ್ಟು ಜಾಗದಲ್ಲಿ ನೋಡಿ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಆದ್ದರಿಂದ ದುಡ್ಡು ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಕೇಳಿ. ಆಕ್ಸಲ್ ಗಟ್ಟಿಯಾಯ್ತು ಅಂತ ಆರ್‌ಸಿಯಲ್ಲಿ ಬರೆದ ಭಾರದ ಮಿತಿ ಹೆಚ್ಚಾಗಲ್ಲ.

ಕೊನೆಗೆ ಅದೇ ರೇಷಿಯೊ ಇರುವ ಫುಲ್ ಫ್ಲೋಟಿಂಗ್ ಆಕ್ಸಲ್ ಸಿಕ್ಕಿತು. ಬೇರಿಂಗು, ಸೀಲು ಹೊಸದು ಹಾಕಿಸಿ ಕೂರಿಸಿದೆವು. ಆದರೂ ಗೊಬ್ಬರ ಈಗ ಒಂದು ಟ್ರಿಪ್ ಬದಲು ಎರಡು ಟ್ರಿಪ್. ಏರು ಶುರುವಾಗುವ ಮೊದಲೇ ಫೋರ್ ವೀಲ್, ಲೋ ಗೇರ್. ಸೀಟಿನ ಕೆಳಗೆ ಎರಡು ಮರದ ಅಡೆ ಸದಾ ಇರುತ್ತವೆ. ಗೊಬ್ಬರದ ಮೇಲೆ ಯಾರೂ ಕೂರೋ ಹಾಗಿಲ್ಲ. ತಮ್ಮ ನಡೆದೇ ಬರ್ತಾನೆ.